ಹೆಸರು ಬರೆದ ಪತ್ರ: ಓಲೆಗರಿಯಿಂದ ಕ್ಷಮಾಪಣಾ ಪತ್ರದವರೆಗೆ

ಪ್ರತಿ ವರ್ಷ ಭಾದ್ರಪದ ಮಾಸವು ಮುಗಿಯುವ ಹೊತ್ತಿಗೆ ಶಹಾಪುರ, ಸುರಪುರ, ಯಾದಗಿರಿಗಳ ಜೈನರ ಮನೆಗಳಿಗೂ ಅಂಗಡಿಗಳಿಗೂ ಕ್ಷಮಾಪಣಾ ಪತ್ರಗಳು ಬರುತ್ತವೆ. ಶ್ವೇತಾಂಬರರಲ್ಲಿ ಪರ್ಯುಷಣದ ಕೊನೆಯ ದಿನವಾದ ಸಂವತ್ಸರಿಯಂದು, ದಿಗಂಬರರಲ್ಲಿ ದಶಲಕ್ಷಣ ಪರ್ವವು ಮುಗಿದ ಮೇಲೆ ಬರುವ ಕ್ಷಮಾವಾಣಿಯಂದು, ಕಳೆದ ವರ್ಷದಲ್ಲಿ ಮನೋವಾಕ್ಕಾಯಗಳಿಂದ ಆದ ತಪ್ಪುಗಳನ್ನು ಮನ್ನಿಸಬೇಕೆಂದು ಬೇಡುವ ಪತ್ರಗಳಿವು. ಒಂದು ಕಾಲಕ್ಕೆ ಇವು ಕೈಬರಹದ ಅಂಚೆ ಕಾರ್ಡುಗಳಾಗಿದ್ದವು. ಅನಂತರ ಮುದ್ರಿತವಾದ ಬಣ್ಣದ ಕಾರ್ಡುಗಳಾದವು. ಈಗ ಬಹುಪಾಲು ಒಂದೇ ಚಿತ್ರವು ಮೊಬೈಲಿನ ಮೂಲಕ ನೂರಾರು ಜನರಿಗೆ ಒಂದೇ ಕ್ಷಣದಲ್ಲಿ ತಲುಪುತ್ತದೆ. ಕಳಿಸಿದವರಿಗೆ ಯಾರು ಯಾರಿಗೆ ಹೋಯಿತೆಂಬುದು ತಿಳಿದಿರುವುದಿಲ್ಲ. ಪಡೆದವರಿಗೆ ಅದು ತಮಗಾಗಿಯೇ ಬಂದದ್ದೆಂಬ ಭಾವನೆ ಮೂಡುವುದಿಲ್ಲ.

ಇನ್ನೊಂದು ಕಡೆಯಲ್ಲಿ ವಿವಾಹ, ಗೃಹಪ್ರವೇಶ, ತಪಸ್ಸಿನ ಪಾರಣೆ, ಪಂಚಕಲ್ಯಾಣ ಮುಂತಾದ ಸಂದರ್ಭಗಳ ಆಮಂತ್ರಣ ಪತ್ರಿಕೆಗಳು ಪೆಟ್ಟಿಗೆಯಷ್ಟು ದಪ್ಪವಾಗುತ್ತ ನಡೆದಿವೆ. ಕೈಕಾಗದ, ಕೈಬರಹ, ಪ್ರತಿಯೊಬ್ಬ ಅತಿಥಿಯ ಹೆಸರನ್ನೂ ಬರೆಸಿದ ಲಕೋಟೆ ಇವುಗಳ ಮೇಲೆ ಶ್ರೀಮಂತ ಕುಟುಂಬಗಳಲ್ಲಿ ಹೊಸದಾಗಿ ಒಲವು ಹುಟ್ಟಿದೆ. ಇದು ಬರಿಯ ಆಡಂಬರವೋ, ಅಥವಾ ಇದರೊಳಗೆ ಗೃಹಸ್ಥಧರ್ಮಕ್ಕೆ ಸೇರಿದ ಅಂಶವೇನಾದರೂ ಇದೆಯೋ ಎಂಬ ಪ್ರಶ್ನೆ ವಿಚಾರಾರ್ಹವಾದುದು. ಇದಕ್ಕೆ ಉತ್ತರವನ್ನು ನಮ್ಮ ಸಮಾಜದ ಇತಿಹಾಸದಲ್ಲಿಯೇ ಹುಡುಕಬೇಕಾಗಿದೆ.

ನೋಂಪಿಯ ನೆನಪಿಗೆ ಬರೆಸಿದ ಪ್ರತಿ

ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನವೂ ಒಂದು. ಮನೆಯಲ್ಲಿ ಒಂದು ವ್ರತ ಪೂರ್ಣವಾದಾಗ, ಹಿರಿಯರು ಅಗಲಿದಾಗ, ಅದರ ನೆನಪಿಗೆ ಒಂದು ಗ್ರಂಥವನ್ನು ಕೈಯಿಂದ ಬರೆಯಿಸಿ, ಬರೆಯಿಸಿದವರ ಮತ್ತು ಪಡೆದವರ ಹೆಸರುಗಳನ್ನು ಕೊನೆಯಲ್ಲಿ ನಮೂದಿಸಿ, ಮುನಿಗಳಿಗೋ ಬಸದಿಗೋ ಅರ್ಪಿಸುವುದು ಶ್ರಾವಕರ ವಾಡಿಕೆಯಾಗಿದ್ದಿತು. ಕುಟುಂಬದ ಸಂದರ್ಭಕ್ಕಾಗಿ, ಹೆಸರು ಸಹಿತವಾಗಿ, ಕೈಯಿಂದ ಸಿದ್ಧಪಡಿಸಿದ ಬರಹವೆಂದರೆ ನಮ್ಮಲ್ಲಿ ಮೊದಲಿಗೆ ಇದೇ ಆಗಿದೆ.

ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬ ಪ್ರಸಿದ್ಧಿಯನ್ನು ಅರಿಯದ ಕನ್ನಡಿಗರಿಲ್ಲ. ಆದರೆ ಆ ಕಾವ್ಯವು ಅವಳ ತವರಿನದೆಂಬುದು ಎಲ್ಲರ ನೆನಪಿನಲ್ಲಿರುವುದಿಲ್ಲ. ಅವಳ ತಂದೆ ಮಲ್ಲಪ ಮತ್ತು ಅವನ ಸೋದರ ಪುನ್ನಮಯ್ಯ ತಮ್ಮ ಗುರುಗಳಾದ ಜಿನಚಂದ್ರರ ಸ್ಮರಣೆಗಾಗಿ ಪೊನ್ನನಿಂದ ಅದನ್ನು ರಚಿಸಿದ್ದರು. ತಂದೆಯು ಗುರುವಿಗೆ ಸಲ್ಲಿಸಿದ ಋಣವನ್ನು ಮಗಳು ಸಾವಿರ ಕೈಗಳಿಗೆ ಮುಟ್ಟಿಸಿದಳು. ಲಕ್ಕುಂಡಿಯಲ್ಲಿ 1007ರ ವೇಳೆಗೆ ಬಸದಿಯನ್ನು ಕಟ್ಟಿಸಿದ ಆ ಮಹಾಶ್ರಾವಿಕೆಗೆ ಓಲೆಗರಿಯ ಪ್ರತಿಯೂ ಕಲ್ಲಿನ ಬಸದಿಯಷ್ಟೇ ಗಟ್ಟಿಯಾದ ದಾನವಾಗಿ ಕಂಡಿತು.

ಮೂಡಬಿದಿರೆಯಲ್ಲಿ ಶತಮಾನಗಳಿಂದ ಕಾಪಾಡಿಕೊಂಡು ಬಂದ ಸಿದ್ಧಾಂತ ಗ್ರಂಥಗಳ ಓಲೆಪ್ರತಿಗಳೂ ಇಂತಹವೇ. ಮಂಡಲಿನಾಡಿನ ಭುಜಬಲ ಗಂಗ ಪೆರ್ಮಾಡಿದೇವನ ಅತ್ತೆಯಾದ ದೇಮಿಯಕ್ಕನು ತನ್ನ ಶ್ರುತಪಂಚಮಿ ನೋಂಪಿಯ ಉದ್ಯಾಪನೆಯ ಸಂದರ್ಭದಲ್ಲಿ ಧವಲಾ ಗ್ರಂಥದ ಪ್ರತಿಯನ್ನು ಮಾಡಿಸಿ, ಬನ್ನಿಕೆರೆಯ ಚೈತ್ಯಾಲಯದ ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದಳೆಂದು ಅದರ ಪ್ರಶಸ್ತಿಯಿಂದ ತಿಳಿಯುತ್ತದೆ. ಇದು ಹನ್ನೆರಡನೆಯ ಶತಮಾನದ ಆರಂಭದ ಮಾತು. ಮಹಾಬಂಧದ ಪ್ರತಿಯನ್ನು ಮಲ್ಲಿಕಬ್ಬೆಯೆಂಬ ಶ್ರಾವಿಕೆ ಶ್ರೀಪಂಚಮಿ ನೋಂಪಿಯ ಉದ್ಯಾಪನೆಗಾಗಿ ಬರೆಯಿಸಿ ಮಾಘನಂದಿ ಮುನಿಗಳಿಗೆ ಕೊಟ್ಟಳು. ಷಟ್ಖಂಡಾಗಮದ ಪರಂಪರೆಯು ಇಂದಿನವರೆಗೆ ಉಳಿದು ಬಂದುದು ಇಬ್ಬರು ಗೃಹಿಣಿಯರು ತಮ್ಮ ಮನೆಯ ವ್ರತದ ಸಮಾಪ್ತಿಗೆ ಮಾಡಿಸಿದ ಓಲೆಕಟ್ಟುಗಳಿಂದ ಎಂಬುದನ್ನು ಸಮಾಜವು ಮರೆಯಬಾರದು.

ಈ ಪ್ರತಿಗಳಲ್ಲಿ ಹೆಸರನ್ನು ಬರೆಯಿಸಿದ್ದು ಕೀರ್ತಿಗಾಗಿ ಮಾತ್ರವೆಂದು ತಿಳಿಯುವುದು ಸರಿಯಲ್ಲ. ಹೆಸರೆಂದರೆ ಜವಾಬ್ದಾರಿ. ಇಂತಹವರು, ಇಂತಹ ನೋಂಪಿಗಾಗಿ, ಇಂತಹವರಿಗೆ ಕೊಟ್ಟರು ಎಂದು ಬರೆದ ಮೇಲೆ ಆ ದಾನಕ್ಕೆ ಸಾಕ್ಷಿ ಉಂಟಾಗುತ್ತದೆ. ಅದೇ ಕೊನೆಯ ಗರಿಯಲ್ಲಿ ಲಿಪಿಕಾರನೂ ಮಾತನಾಡುತ್ತಾನೆ. ಬರಹದಲ್ಲಿ ದೋಷಗಳಿದ್ದರೆ ತಿದ್ದಿಕೊಂಡು ತನ್ನನ್ನು ಕ್ಷಮಿಸಬೇಕೆಂದು ಓದುಗರನ್ನು ಬೇಡುವುದು ಹಸ್ತಪ್ರತಿಗಳಲ್ಲಿ ಸಾಮಾನ್ಯವಾಗಿ ಕಾಣುವ ಸಂಪ್ರದಾಯ. ಕೈಯಿಂದ ಮಾಡಿದ ವಸ್ತುವಿನಲ್ಲಿ ತಪ್ಪು ಇರುತ್ತದೆ. ತಪ್ಪು ಇರುವುದರಿಂದಲೇ ಕ್ಷಮೆಯ ಮಾತೂ ಇರುತ್ತದೆ.

ಓಲೆ, ಕಡತ, ಕಾಗದ

ಶಹಾಪುರದ ಈಶಾನ್ಯಕ್ಕೆ ಕಾಗಿಣಾ ನದಿಯ ದಂಡೆಯ ಮೇಲಿರುವ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟ. ನೃಪತುಂಗ ಅಮೋಘವರ್ಷನ ಈ ರಾಜಧಾನಿಯಲ್ಲಿಯೇ ಮುಂದೆ ಪುಷ್ಪದಂತ ಕವಿಯು ಅಪಭ್ರಂಶ ಭಾಷೆಯ ತನ್ನ ಮಹಾಪುರಾಣವನ್ನು 965ರಲ್ಲಿ ಮುಗಿಸಿದನು. ಇಲ್ಲಿ ಹುಟ್ಟಿದ ಆ ಕಾವ್ಯವು ಶ್ರಾವಕರ ಶಾಸ್ತ್ರದಾನದ ದಾರಿಯಲ್ಲಿಯೇ ಉತ್ತರಕ್ಕೆ ಹೋಯಿತು. ದಿಲ್ಲಿಯ ಸಮೀಪದ ಪಾಲಮಿನಲ್ಲಿ 1540ರಲ್ಲಿ ಕಾಗದದ ಮೇಲೆ ಸಿದ್ಧವಾದ ಅದರ ಚಿತ್ರಸಹಿತ ಪ್ರತಿಯು ಪ್ರಸಿದ್ಧವಾಗಿದೆ. ಗುಜರಾತಿನ ಜೈನ ಭಂಡಾರಗಳಲ್ಲಿ ಹದಿನಾಲ್ಕನೆಯ ಶತಮಾನದಿಂದ ತಾಳೆಗರಿಯ ಸ್ಥಾನಕ್ಕೆ ಕಾಗದವು ಬರತೊಡಗಿತು. ಕರ್ನಾಟಕದಲ್ಲಿ ಮಾತ್ರ ಓಲೆಯ ಬಳಕೆ ಹತ್ತೊಂಬತ್ತನೆಯ ಶತಮಾನದವರೆಗೂ ಮುಂದುವರಿಯಿತು.

ಓಲೆಗೂ ಕಾಗದಕ್ಕೂ ನಡುವೆ ಕನ್ನಡ ನಾಡಿನ ವ್ಯಾಪಾರಿಗಳ ಕೈಯಲ್ಲಿದ್ದ ಇನ್ನೊಂದು ಸಾಧನವೆಂದರೆ ಕಡತ. ಬಟ್ಟೆಗೆ ಹುಣಸೆ ಬೀಜದ ಅಂಟನ್ನೂ ಇದ್ದಿಲಿನ ಪುಡಿಯನ್ನೂ ಬಳಿದು ಕಪ್ಪಾಗಿಸಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಪುಸ್ತಕವದು. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದಾಗ ಅಳಿಸಿ ಮತ್ತೆ ಬರೆಯುತ್ತಿದ್ದರು. ಇಂದು ಸರ್ಕಾರಿ ಕಚೇರಿಗಳ ಫೈಲಿಗೆ ಕನ್ನಡದಲ್ಲಿ ಕಡತವೆಂಬ ಹೆಸರು ಬಂದುದು ಇದರಿಂದಲೇ. ದಿನದ ಲೆಕ್ಕವು ಅಳಿಸಬಹುದಾದ ಕಡತಕ್ಕೆ, ಧರ್ಮದ ಮಾತು ಅಳಿಯಬಾರದ ಓಲೆಗೆ ಎಂಬ ವಿವೇಕ ಹಿರಿಯರಲ್ಲಿದ್ದಿತು. ಯಾವ ಬರಹ ಎಷ್ಟು ಕಾಲ ಉಳಿಯಬೇಕೆಂಬುದನ್ನು ವಿಚಾರಿಸಿ, ಅದಕ್ಕೆ ತಕ್ಕ ಸಾಧನವನ್ನು ಅವರು ಆರಿಸಿಕೊಳ್ಳುತ್ತಿದ್ದರು.

ಕಾಗದದ ತಯಾರಿಕೆಯೂ ಜೈನರು ಗಮನಿಸಬೇಕಾದ ವಿಷಯವೇ. 1956ರವರೆಗೆ ಶಹಾಪುರ ಸೀಮೆಯು ಸೇರಿದ್ದ ಹೈದರಾಬಾದು ಸಂಸ್ಥಾನದಲ್ಲಿಯೇ, ದೌಲತಾಬಾದಿನ ಹತ್ತಿರ, ಕಾಗಜೀಪುರವೆಂಬ ಊರು ಕೈಕಾಗದಕ್ಕೆ ಹೆಸರಾಗಿದ್ದಿತು. ಚಿಂದಿ ಬಟ್ಟೆ, ಸೆಣಬು, ಹಳೆಯ ಕಾಗದ ಇವುಗಳನ್ನು ಕುಟ್ಟಿ ನೀರಿನಲ್ಲಿ ಕದಡಿ, ಜಾಲರಿಯಿಂದ ಎತ್ತಿ ಹಾಳೆ ಮಾಡುವುದು ಈ ವಿದ್ಯೆಯ ಸಾರ. ಹಾಳೆಯ ಮೇಲೆ ಮಸಿ ಹರಡದಂತೆ ಭಾರತದ ಕಾಗದಗಾರರು ಗೋದಿ ಅಥವಾ ಅಕ್ಕಿಯ ಗಂಜಿಯನ್ನು ಬಳಿದು, ನುಣುಪಾದ ಕಲ್ಲಿನಿಂದ ತಿಕ್ಕಿ ಹೊಳಪು ಕೊಡುತ್ತಿದ್ದರು. ಯುರೋಪಿನಲ್ಲಿ ಇದೇ ಕೆಲಸಕ್ಕೆ ಪ್ರಾಣಿಗಳ ಚರ್ಮದಿಂದ ತೆಗೆದ ಜೆಲಟಿನ್ ಎಂಬ ಅಂಟನ್ನು ಬಳಸುತ್ತಿದ್ದರು. ಕೈಕಾಗದವೆಂಬ ಒಂದೇ ಹೆಸರಿನಲ್ಲಿ ಎರಡು ಬಗೆಗಳಿವೆಯೆಂಬುದನ್ನು ಬಲ್ಲ ಶ್ರಾವಕನು, ಇಂದು ಬೆಲೆಬಾಳುವ ಪತ್ರಿಕೆಯನ್ನು ಮಾಡಿಸುವಾಗ, ಅದಕ್ಕೆ ಬಳಿದ ಅಂಟು ಯಾವುದೆಂದು ವಿಚಾರಿಸದೆ ಇರಲಾರನು. ಹತ್ತಿ ಬೆಳೆಗೂ ಜಿನ್ನಿಂಗಿಗೂ ಹೆಸರಾದ ಶಹಾಪುರದಂತಹ ಊರಿನವರಿಗೆ, ಹತ್ತಿಬಟ್ಟೆಯ ಚೂರಿನಿಂದ ಆಗುವ ಕಾಗದವು ಮರ ಕಡಿಯದೆ ದೊರೆಯುವ ಹಾಳೆಯೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದೇ ಸೀಮೆಯ ಸುರಪುರದಲ್ಲಿ ನಾಯಕ ಅರಸರ ಆಶ್ರಯದಲ್ಲಿ ಸೂಕ್ಷ್ಮರೇಖೆಯ, ಬಂಗಾರದ ರೇಕು ಹಚ್ಚಿದ ಚಿತ್ರಕಲೆಯು ಬೆಳೆದಿತ್ತು. ಗರುಡಾದ್ರಿ ಮನೆತನದ ಚಿತ್ರಕಾರರ ಹೆಸರು ಈ ಕಲೆಯೊಂದಿಗೆ ಸೇರಿಕೊಂಡಿದೆ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರ ಹೋರಾಟವು ಕೊನೆಗೊಂಡು ಸಂಸ್ಥಾನವು ಅಳಿದ ಮೇಲೆ ಆ ಆಶ್ರಯ ತಪ್ಪಿತು. ಕೈಯ ಕೆಲಸಕ್ಕೆ ಬೆಲೆ ಕೊಡುವವರು ಇಲ್ಲವಾದರೆ ವಿದ್ಯೆ ಎಷ್ಟು ಬೇಗ ಕ್ಷೀಣಿಸುತ್ತದೆಂಬುದಕ್ಕೆ ಮನೆಯ ಬಾಗಿಲಲ್ಲೇ ಇರುವ ನಿದರ್ಶನವಿದು.

ಸಂಘದ ಪತ್ರ, ಮನೆಯ ಪತ್ರ

ಶ್ವೇತಾಂಬರ ಸಂಪ್ರದಾಯದಲ್ಲಿ ವಿಜ್ಞಪ್ತಿ ಪತ್ರವೆಂಬ ವಿಶಿಷ್ಟ ರಚನೆಯಿದೆ. ಒಂದು ಊರಿನ ಸಂಘವು ಪರ್ಯುಷಣದ ಸಮಯದಲ್ಲಿ ದೂರದ ಆಚಾರ್ಯರಿಗೆ ಕ್ಷಮಾಪಣೆಯನ್ನು ನಿವೇದಿಸಿ, ಮುಂದಿನ ಚಾತುರ್ಮಾಸ್ಯಕ್ಕೆ ತಮ್ಮ ಊರಿಗೆ ದಯಮಾಡಿಸಬೇಕೆಂದು ಬೇಡುವ ಉದ್ದನೆಯ ಸುರುಳಿ ಇದು. ಅದರಲ್ಲಿ ಊರಿನ ಬೀದಿ, ಅಂಗಡಿ, ಮಂದಿರಗಳ ಚಿತ್ರಗಳನ್ನು ಬರೆಯಿಸುತ್ತಿದ್ದರು. ಆಗ್ರಾ ಸಂಘವು 1610ರಲ್ಲಿ ವಿಜಯಸೇನ ಸೂರಿಗಳಿಗೆ ಕಳಿಸಿದ ಪತ್ರವು ಇವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು. ಪರ್ಯುಷಣದ ದಿನಗಳಲ್ಲಿ ಪ್ರಾಣಿವಧೆಯನ್ನು ನಿಷೇಧಿಸಿದ ಜಹಾಂಗೀರ ಬಾದಶಹನ ಫರ್ಮಾನಿನ ಪ್ರಸಂಗವನ್ನು ಉಸ್ತಾದ ಶಾಲಿವಾಹನನೆಂಬ ಚಿತ್ರಕಾರನು ಅದರಲ್ಲಿ ಚಿತ್ರಿಸಿದ್ದಾನೆ. ಒಬ್ಬರ ಹೆಸರಿಗೆ, ಒಂದು ಊರಿನ ಪರವಾಗಿ, ಒಂದೇ ಒಂದು ಪ್ರತಿ. ಅದರ ಬೆಲೆ ಚಿತ್ರಗಳಲ್ಲಿ ಮಾತ್ರವಿಲ್ಲ. ಅಷ್ಟೊಂದು ಶ್ರಮಪಟ್ಟು ಬೇಡಿದ ವಿನಯದಲ್ಲಿದೆ.

ಮಾರವಾಡ, ಗುಜರಾತುಗಳಿಂದ ಬಂದು ದಖ್ಖನಿನಲ್ಲಿ ನೆಲೆಸಿದ ಜೈನ ವ್ಯಾಪಾರಿಗಳು ಇಂತಹ ಪದ್ಧತಿಗಳನ್ನು ತಮ್ಮ ಸಂಗಡ ತಂದರು. ದೀಪಾವಳಿಯು ಮಹಾವೀರ ಸ್ವಾಮಿಯ ನಿರ್ವಾಣದ ದಿನ. ವೀರ ನಿರ್ವಾಣ ಸಂವತ್ಸರದ ಹೊಸ ವರ್ಷವೂ ಅಲ್ಲಿಂದಲೇ ಆರಂಭ. ಅಂದು ಕೆಂಪು ಬಟ್ಟೆಯ ರಟ್ಟು ಹಾಕಿದ, ದಾರದಿಂದ ಹೊಲಿದ ಹೊಸ ವಹಿಯ ಮೊದಲ ಹಾಳೆಯಲ್ಲಿ ಶ್ರೀಕಾರವನ್ನು ಮೇಲಿನಿಂದ ಕೆಳಕ್ಕೆ ಒಂದೊಂದೇ ಹೆಚ್ಚಿಸುತ್ತ ಗೋಪುರದಂತೆ ಬರೆದು, ಗೌತಮ ಸ್ವಾಮಿ, ಶಾಲಿಭದ್ರ, ಬಾಹುಬಲಿ ಮುಂತಾದವರನ್ನು ಸ್ಮರಿಸಿದ ಮೇಲೆಯೇ ಲೆಕ್ಕ ಮೊದಲಾಗುತ್ತಿತ್ತು. ಲೆಕ್ಕ ಬರೆಯುವ ಕೈ ದೇವರ ಹೆಸರನ್ನು ಬರೆದ ಕೈಯೇ ಆಗಿರುವುದರಿಂದ, ಅದೇ ಮಸಿಯಿಂದ ಸುಳ್ಳು ಬರೆಯುವುದಕ್ಕೆ ಸಂಕೋಚವಾಗಬೇಕೆಂಬುದು ಇದರ ಆಶಯ.

ಮದುವೆಯ ಕಾಗದಗಳಿಗೂ ಈ ಆಶಯವುಂಟು. ಉತ್ತರ ಕರ್ನಾಟಕದಲ್ಲಿ ಮಾತುಕತೆ ಕುದುರಿದಾಗ ಹಿರಿಯರ ಸಮಕ್ಷಮದಲ್ಲಿ ಯಾದಿ ಬರೆಯುತ್ತಾರೆ. ಲಗ್ನಪತ್ರಿಕೆಯ ಅಂಚಿಗೆ ಅರಿಶಿಣ ಕುಂಕುಮಗಳನ್ನು ಹಚ್ಚಿ, ಮೊದಲನೆಯದನ್ನು ದೇವರ ಮುಂದಿಡುತ್ತಾರೆ. ಮದುವೆಯ ದಿನ ಬಂದ ಆಹೇರಿಯನ್ನು ಒಬ್ಬರು ಕುಳಿತು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಅವರ ಮನೆಯ ಕಾರ್ಯದಲ್ಲಿ ಮುಯ್ಯಿ ತಿರುಗಿಸುವುದಕ್ಕೆ ಆ ಪುಸ್ತಕವೇ ಆಧಾರ. ಇದೇ ಯಾದಿಯು ವರದಕ್ಷಿಣೆಯ ಬೇಡಿಕೆಯ ಪಟ್ಟಿಯಾದಾಗ ಪಾಪದ ಪತ್ರವಾಯಿತೆಂಬುದನ್ನೂ ಮುಚ್ಚಿಡಬಾರದು. 1961ರ ವರದಕ್ಷಿಣೆ ನಿಷೇಧ ಕಾನೂನಿನ ಕೆಳಗೆ 1985ರಲ್ಲಿ ಬಂದ ನಿಯಮಗಳು, ವಧೂವರರು ತಮಗೆ ಬಂದ ಉಡುಗೊರೆಗಳನ್ನು, ಕೊಟ್ಟವರ ಹೆಸರಿನೊಂದಿಗೆ, ಲಿಖಿತವಾಗಿ ಪಟ್ಟಿಮಾಡಿ ಸಹಿ ಹಾಕಬೇಕೆಂದು ವಿಧಿಸಿವೆ. ಹಿರಿಯರ ಆಹೇರಿ ಪುಸ್ತಕದ ಪ್ರಾಮಾಣಿಕತೆಯನ್ನೇ ಕಾನೂನು ಮತ್ತೆ ಕೇಳಿದಂತಾಯಿತು.

ಅಚ್ಚಿನ ಉಪಕಾರ

ಕೈಯಿಂದ ಮಾಡಿದ್ದೆಲ್ಲವೂ ಶ್ರೇಷ್ಠ, ಅಚ್ಚಾದದ್ದೆಲ್ಲವೂ ಕನಿಷ್ಠವೆಂದು ಹೇಳುವುದು ಏಕಾಂತವಾದವಾದೀತು. ಧವಲಾದಿ ಗ್ರಂಥಗಳ ಕಥೆಯೇ ಇದಕ್ಕೆ ಸಾಕ್ಷಿ. ಸೊಲ್ಲಾಪುರದ ಸೇಠ ಹೀರಾಚಂದ ನೇಮಚಂದ, ಮುಂಬಯಿಯ ಸೇಠ ಮಾಣಿಕಚಂದ ಮುಂತಾದವರ ಪ್ರಯತ್ನದಿಂದ ಮೂಡಬಿದಿರೆಯ ಓಲೆಗಳನ್ನು ಕಾಗದಕ್ಕೆ ಇಳಿಸುವ ಕಾರ್ಯವು 1896ರ ಸುಮಾರಿಗೆ ಆರಂಭವಾಗಿ 1922ರವರೆಗೆ ನಡೆಯಿತು. ಪ್ರತಿ ಮಾಡಿದವರಲ್ಲಿ ಒಬ್ಬರಾದ ಗಜಪತಿ ಉಪಾಧ್ಯಾಯರು, ಆ ಕಾಲದ ನಿರ್ಬಂಧವನ್ನು ಮೀರಿ, ತಮ್ಮ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಮನೆಯಲ್ಲಿಯೇ ಇನ್ನೊಂದು ಕನ್ನಡ ಪ್ರತಿಯನ್ನು ಮಾಡಿದರು. ಆ ಪ್ರತಿಯು ಸಹಾರನಪುರವನ್ನು ಸೇರಿದ್ದರಿಂದ ಗ್ರಂಥವು ಹೊರಲೋಕಕ್ಕೆ ತಿಳಿಯಿತು. ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಿಂದ 1958ರವರೆಗೆ ಧವಲಾ ಹದಿನಾರು ಸಂಪುಟಗಳಲ್ಲಿ ಮುದ್ರಿತವಾಯಿತು. ದೇಮಿಯಕ್ಕನು ಒಬ್ಬ ಗುರುವಿಗೆ ಕೊಟ್ಟದ್ದನ್ನು ಅಚ್ಚಿನ ಯಂತ್ರವು ಎಲ್ಲರಿಗೂ ಕೊಟ್ಟಿತು.

ಶಾಸ್ತ್ರವು ಎಲ್ಲರಿಗೂ ಸೇರಿದ್ದು. ಅದು ಸಾವಿರ ಪ್ರತಿಯಾದಷ್ಟೂ ಒಳ್ಳೆಯದು. ಕ್ಷಮೆಯು ಹಾಗಲ್ಲ. ತಪ್ಪು ಒಬ್ಬನಿಗೆ ಮಾಡಿದ್ದು. ಬೇಡುವುದೂ ಆ ಒಬ್ಬನನ್ನೇ ಆಗಬೇಕು. ಸಕಲ ಜೀವರಾಶಿಗಳನ್ನು ಕುರಿತು ಪ್ರತಿಕ್ರಮಣದಲ್ಲಿ ಮಾಡುವ ಕ್ಷಮಾಪಣೆಯು ಅಗತ್ಯವೇ ಸರಿ, ಆದರೆ ಅದು ಪಕ್ಕದ ಮನೆಯವನ ಬಾಗಿಲಿಗೆ ಹೋಗದಿರುವುದಕ್ಕೆ ನೆಪವಾಗಬಾರದು.

ವೈರದ ಮುದ್ದತು

ಈ ವಿಷಯದಲ್ಲಿ ಶಾಸ್ತ್ರಕಾರರ ಲೆಕ್ಕ ಬಹಳ ನಿಷ್ಠುರವಾದುದು. ಶ್ವೇತಾಂಬರ ಕರ್ಮಗ್ರಂಥಗಳ ಪ್ರಕಾರ ಸಂಜ್ವಲನ ಕಷಾಯದ ಅವಧಿ ಒಂದು ಪಕ್ಷ, ಪ್ರತ್ಯಾಖ್ಯಾನಾವರಣದ್ದು ನಾಲ್ಕು ತಿಂಗಳು, ಅಪ್ರತ್ಯಾಖ್ಯಾನಾವರಣದ್ದು ಒಂದು ವರ್ಷ. ಅದನ್ನೂ ಮೀರಿ ಜೀವಮಾನವಿಡೀ ಉಳಿಯುವುದು ಅನಂತಾನುಬಂಧಿ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರವು ಇನ್ನೂ ಬಿಗಿಯಾಗಿದ್ದು, ಅಂತರ್ಮುಹೂರ್ತ, ಪಕ್ಷ, ಆರು ತಿಂಗಳು ಎಂದು ಎಣಿಸಿ, ಅದರಾಚೆಗೆ ಉಳಿದ ಸಿಟ್ಟನ್ನು ಅನಂತಾನುಬಂಧಿಗೆ ಸೇರಿಸುತ್ತದೆ. ಅನಂತಾನುಬಂಧಿಯು ಸಮ್ಯಕ್ತ್ವವನ್ನೇ ಘಾತ ಮಾಡುವಂತಹುದು. ವರ್ಷಕ್ಕೊಮ್ಮೆ ಕ್ಷಮಾಪಣೆಯನ್ನು ಇಟ್ಟ ಕಾರಣ ಇದರಿಂದ ಸ್ಪಷ್ಟವಾಗುತ್ತದೆ. ಕೈಗಡ ಕೊಟ್ಟ ಹಣದ ದಾವೆಗೆ 1963ರ ಕಾನೂನು ಮೂರು ವರ್ಷಗಳ ಮುದ್ದತನ್ನು ಕೊಡುತ್ತದೆ. ವೈರಕ್ಕೆ ಧರ್ಮವು ಕೊಡುವ ಮುದ್ದತು ಹೆಚ್ಚೆಂದರೆ ಒಂದೇ ವರ್ಷ.

ಇಂದಿನ ಸ್ಥಿತಿಯನ್ನು ಈ ಲೆಕ್ಕಕ್ಕೆ ಹಚ್ಚಿ ನೋಡಬೇಕು. ಐನೂರು ಜನರಿಗೆ ಕ್ಷಮಾಪಣಾ ಕಾರ್ಡುಗಳನ್ನು ಕಳಿಸುವ ಮನೆಯಲ್ಲಿ, ಆ ಐನೂರರ ಯಾದಿಯಲ್ಲಿ ಯಾರ ಹೆಸರಿಲ್ಲ ಎಂಬುದೇ ಮುಖ್ಯವಾದ ಪ್ರಶ್ನೆ. ವ್ಯಾಪಾರದ ಗಿರಾಕಿಗಳಿರುತ್ತಾರೆ, ಅಧಿಕಾರಿಗಳಿರುತ್ತಾರೆ, ಯಾವ ತಪ್ಪನ್ನೂ ಮಾಡಲು ಸಂದರ್ಭವೇ ಒದಗದ ದೂರದ ಪರಿಚಿತರಿರುತ್ತಾರೆ. ಆಸ್ತಿಯ ಪಾಲಿಗಾಗಿ ಕೋರ್ಟು ಹತ್ತಿದ ಸೋದರನ ಹೆಸರಿರುವುದಿಲ್ಲ. ಪಾಲುದಾರಿಕೆ ಮುರಿದ ಮೇಲೆ ಮಾತು ಬಿಟ್ಟವನ ಹೆಸರಿರುವುದಿಲ್ಲ. ತವರಿಗೆ ಬರುವುದನ್ನೇ ನಿಲ್ಲಿಸಿದ ಮಗಳ ಹೆಸರಿರುವುದಿಲ್ಲ. ಮುದ್ರಿತ ಪತ್ರಕ್ಕೂ ಮೊಬೈಲಿನ ಸಂದೇಶಕ್ಕೂ ಈ ಕೊರತೆ ಕಾಣುವುದಿಲ್ಲ. ಒಂದೊಂದೇ ಹೆಸರನ್ನು ಕೈಯಿಂದ ಬರೆಯುತ್ತ ಹೋದವನಿಗೆ ಮಾತ್ರ, ಯಾವ ಹೆಸರಿನ ಬಳಿ ತನ್ನ ಲೇಖನಿ ನಿಂತಿತೆಂಬುದು ತಿಳಿಯುತ್ತದೆ. ಕೈಬರಹದ ಪತ್ರದ ಸೊಗಸು ಎಂದು ಜನರು ಕರೆಯುವುದರ ಒಳಗುಟ್ಟು ಇದೇ ಆಗಿದೆ. ಕಾಗದದ ಅಂದ ಅನಂತರದ್ದು.

ಇನ್ನೊಂದು ದೋಷವನ್ನೂ ಹೇಳಬೇಕಾಗಿದೆ. ಆಮಂತ್ರಣ ಪತ್ರಿಕೆಗಳ ಮೇಲೆ ತೀರ್ಥಂಕರರ, ಮುನಿಗಳ ಚಿತ್ರಗಳನ್ನು ಮುದ್ರಿಸುವುದು ರೂಢಿಯಾಗಿದೆ. ಕಾರ್ಯ ಮುಗಿದ ವಾರದೊಳಗೆ ಅವು ರದ್ದಿಯಾಗಿ, ಕೆಲವೊಮ್ಮೆ ತಿಂಡಿ ಕಟ್ಟುವ ಕಾಗದವಾಗಿ ಬೀದಿಗೆ ಬೀಳುತ್ತವೆ. ಬಸದಿಯಲ್ಲಿ ಶುದ್ಧವಸ್ತ್ರ ಧರಿಸಿ ಮುಟ್ಟುವ ಬಿಂಬದ ರೂಪವು ಚರಂಡಿಯ ಬದಿಯಲ್ಲಿ ಕಾಲಡಿಗೆ ಸಿಗುವುದಕ್ಕೆ ಆಶಾತನೆಯೆಂದಲ್ಲದೆ ಬೇರೆ ಹೆಸರಿಲ್ಲ. ಹಿರಿಯರು ಓಲೆಯ ಕಟ್ಟನ್ನು ವೇಷ್ಟನದಲ್ಲಿ ಸುತ್ತಿ, ಶ್ರುತಪಂಚಮಿಯಂದು ಹೊರತೆಗೆದು ಪೂಜಿಸಿ, ಮತ್ತೆ ಜೋಪಾನ ಮಾಡುತ್ತಿದ್ದರು. ಕಾಪಾಡಲಾಗದ ಕಾಗದದ ಮೇಲೆ ಪೂಜ್ಯರ ಚಿತ್ರವನ್ನು ಹಾಕಬಾರದೆಂಬ ನಿಯಮವನ್ನು ಬಸದಿ ಮತ್ತು ಮಂದಿರಗಳ ಟ್ರಸ್ಟುಗಳು ತಮ್ಮ ಪತ್ರಿಕೆಗಳಿಂದಲೇ ಆರಂಭಿಸಿದರೆ, ಕುಟುಂಬಗಳು ಅನುಸರಿಸುವುದು ಕಷ್ಟವಾಗಲಾರದು. ಅರವತ್ತು ಪುಟಗಳ ಪತ್ರಿಕೆಗೆ ತಗಲುವ ಹಣದಲ್ಲಿ ಶಿಥಿಲವಾದ ಹಸ್ತಪ್ರತಿಯ ವೇಷ್ಟನವನ್ನು ಬದಲಿಸಬಹುದು, ಬಡ ವಿದ್ಯಾರ್ಥಿಗೆ ಪುಸ್ತಕ ಕೊಡಿಸಬಹುದು. ಅಪರಿಗ್ರಹವು ಕಾಗದಕ್ಕೂ ಅನ್ವಯಿಸುತ್ತದೆ.

ಆದುದರಿಂದ ಕೈಕಾಗದದ ಹೊಸ ಒಲವನ್ನು ಹಳಿಯಬೇಕಾಗಿಲ್ಲ. ಅದನ್ನು ಸರಿಯಾದ ಕಡೆಗೆ ತಿರುಗಿಸಬೇಕಾಗಿದೆ. ನೂರು ದುಬಾರಿ ಪತ್ರಿಕೆಗಳಿಗೆ ಬದಲಾಗಿ, ಗಂಜಿ ಬಳಿದ ಹತ್ತಿಯ ಕಾಗದದ ಹತ್ತು ಹಾಳೆಗಳು ಸಾಕು. ವ್ರತದ ಉದ್ಯಾಪನೆಗೆ ಮನೆಯ ಮಕ್ಕಳಿಂದ ಒಂದು ಸ್ತೋತ್ರವನ್ನು ಶುದ್ಧವಾಗಿ ಬರೆಯಿಸಿ, ದಿನಾಂಕ ಸಹಿತ ಹೆಸರು ಹಾಕಿ ಬಸದಿಗೆ ಕೊಡಬಹುದು. ದೇಮಿಯಕ್ಕ, ಮಲ್ಲಿಕಬ್ಬೆಯರು ತೋರಿದ ದಾರಿಯು ಶ್ರೀಮಂತರಿಗೆ ಮಾತ್ರ ಮೀಸಲಾದುದಲ್ಲ. ಉಳಿದ ಹಾಳೆಗಳಲ್ಲಿ ಒಂದನ್ನು ಮುಂದಿನ ಭಾದ್ರಪದಕ್ಕಾಗಿ ಎತ್ತಿಡಬೇಕು. ಅದರ ಮೇಲೆ ಬರೆಯಬೇಕಾದ ಹೆಸರು ಯಾವುದೆಂಬುದು ಪ್ರತಿಯೊಂದು ಮನೆಯ ಯಜಮಾನನಿಗೂ ಗೊತ್ತಿರುತ್ತದೆ. ಆ ವಿಳಾಸವು ಬಹಳ ಸಲ ಅಂಚೆಯ ಚೀಟಿಯೂ ಬೇಡದಷ್ಟು ಹತ್ತಿರದ ಓಣಿಯಲ್ಲಿಯೇ ಇರುತ್ತದೆ.